ದೋಣಿ ಎಂಜಿನ್ ಏಕೆ ಏದುಸಿರು ಬಿಟ್ಟಿತು?

ಮಕ್ಕಳೇ, ಪಂಚಗಂಗಾವಳಿ ನದಿ ಕಡಲು ಸೇರುವ ಗಂಗೊಳ್ಳಿ ಅಳಿವೆಯನ್ನು ನೋಡಿದ್ದೀರಾ? ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ದೊಡ್ಡ ಯಾಂತ್ರಿಕ ದೋಣಿಗಳು ಮೀನು ಹಿಡಿಯುವಂತಿಲ್ಲ. 10 ಅಶ್ವಶಕ್ತಿವರೆಗಿನ ಪುಟ್ಟ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ಮಾತ್ರ ಅವಕಾಶ. ಅವರಿಗೆ ಅದೇ ಸುಗ್ಗಿ.

ಕಳೆದ ವರ್ಷ ಮೇ ತಿಂಗಳ ಕೊನೆಗೆ ನೆರೆಮನೆಯ ಮೀನುಗಾರರ ಎಂಜಿನ್ ಏದುಸಿರು ಬಿಡತೊಡಗಿತು. "ರಾಯ್ರೇ, ಹೊಸತು ತೆಗೆಯಲು ಬ್ಯಾಂಕಿನಲ್ಲಿ ಸಾಲ ಸಿಕ್ಕೀತಾ?" ಎಂದು ಕೇಳಿದರು. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. "ಮೊದಲು ಇದ್ದದ್ದರ ಲೆಕ್ಕ ನೋಡುವ" ಎಂದೆ. ಮೊಮ್ಮಗಳನ್ನೂ ಕರೆದುಕೊಂಡು ಮೇಸ್ತ್ರಿಯ ಬಳಿ ಹೋದೆವು.

ಮೇಸ್ತ್ರಿ ಎರಡೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಒತ್ತಡ ಅಳೆಯುವ ಗೇಜ್ ಕೂರಿಸಿ ಹಗ್ಗ ಎಳೆದರು. ಮೇಲಿನ ಸಿಲಿಂಡರ್ 110 ತೋರಿಸಿತು, ಕೆಳಗಿನದು 75. ಎರಡೂ ಹೆಚ್ಚುಕಡಿಮೆ ಸಮ ಇರಬೇಕು. ಸೈಕಲ್ ಪಂಪಿನ ವಾಷರ್ ಸವೆದರೆ ಗಾಳಿ ಹಿಂದಕ್ಕೆ ಸೋರುತ್ತದಲ್ಲ, ಹಾಗೆಯೇ ಇದೂ.

ಹೆಡ್ ಬಿಚ್ಚಿದರೆ ಕೆಳಗಿನ ಸಿಲಿಂಡರಿನ ಒಳಗೋಡೆಯ ಮೇಲೆ ಉದ್ದುದ್ದ ಗೆರೆಗಳು! ನೆರೆಯವರ ಮುಖ ಬಾಡಿತು. ಮೇಸ್ತ್ರಿ ಅಡ್ಡಕ್ಕೆ ಉಗುರು ಎಳೆದು ನೋಡಿದರು. "ಹಳ್ಳ ಇಲ್ಲ, ಉಬ್ಬು ಇದೆ. ಬಿಸಿಗೆ ಪಿಸ್ಟನ್ನಿನ ಅಲ್ಯೂಮಿನಿಯಂ ಕಬ್ಬಿಣದ ಗೋಡೆಗೆ ಮೆತ್ತಿದೆ, ಅಷ್ಟೆ." ನಯವಾದ ಎಮರಿ ಕಾಗದದಿಂದ ಅದನ್ನು ತೆಗೆದರು.

ಆಮೇಲೆ ಅಳತೆ. ಮೇಲೆ, ನಡುವೆ, ಕೆಳಗೆ. ಪ್ರತಿ ಕಡೆಯೂ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ. ಆರು ಅಂಕಿಗಳನ್ನು ಮೊಮ್ಮಗಳು ಬರೆದುಕೊಂಡಳು. ಲೆಡ್ಜರ್ ತಾಳೆ ನೋಡಿದಂತೆ ನಾನೂ ನೋಡಿದೆ. ಸವೆತ ಕೈಪಿಡಿಯ ಮಿತಿಯೊಳಗೇ ಇತ್ತು. ಮಿತಿ ಮೀರಿದ್ದರೆ ಸಿಲಿಂಡರ್ ಕೊರೆಸಿ, ತುಸು ದೊಡ್ಡ ಪಿಸ್ಟನ್ ಹಾಕಬೇಕಿತ್ತು.

ಹೋನಿಂಗ್ ಕಲ್ಲಿನಿಂದ ಮೇಸ್ತ್ರಿ ಗೋಡೆಯ ಮೇಲೆ ಸಣ್ಣ ಅಡ್ಡಾದಿಡ್ಡಿ ಗೀರು ಎಳೆದರು. ಈ ಟೂ-ಸ್ಟ್ರೋಕ್ ಎಂಜಿನ್ನಿಗೆ ಇಂಧನದಲ್ಲಿ ಬೆರೆಸಿದ ಎಣ್ಣೆಯೇ ಜಿಡ್ಡು. ಆ ಗೀರುಗಳಲ್ಲಿ ಅದು ನಿಲ್ಲುತ್ತದೆ. ಬಳಿಕ ಬಿಳಿ ಬಟ್ಟೆಗೆ ಕಪ್ಪು ಹತ್ತದಷ್ಟು ಸೋಪುನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಸವರಿದರು.

ಹೊಸ ಪಿಸ್ಟನ್, ರಿಂಗು ಹಾಕಿದರೆ ಮುಗಿಯಿತು ಎಂದುಕೊಂಡೆವು. ಆಗ ಮೊಮ್ಮಗಳು, "ಅಜ್ಜಾ, ಕೆಳಗಿನದೇ ಯಾಕೆ ಬಿಸಿಯಾಯ್ತು?" ಎಂದಳು.

ಮೇಸ್ತ್ರಿ ಕೈ ತಡೆದು ಅವಳನ್ನೇ ನೋಡಿದರು. ನೀರು ಹರಿಯುವ ದಾರಿ ಬಿಚ್ಚಿದರೆ, ಕೆಳಗಿನ ಸಿಲಿಂಡರಿನ ಸುತ್ತ ಉಪ್ಪು, ಮರಳು ಗಟ್ಟಿಯಾಗಿ ಕೂತಿತ್ತು. ನೀರೆತ್ತುವ ಪಂಪಿನ ರಬ್ಬರ್ ಚಕ್ರದ ಎರಡು ರೆಕ್ಕೆಗಳೂ ಮುರಿದಿದ್ದವು. ಹಾಗೇ ಬಿಟ್ಟಿದ್ದರೆ ಹೊಸ ಪಿಸ್ಟನ್ ಕೂಡ ಬಿಸಿಗೆ ಹಿಡಿದುಕೊಳ್ಳುತ್ತಿತ್ತು. ಅಳಿವೆಯ ಅಲೆಗಳ ನಡುವೆ ಎಂಜಿನ್ ನಿಂತರೆ ದೋಣಿಯಲ್ಲಿದ್ದವರ ಗತಿ?

ಎಲ್ಲ ಜೋಡಿಸಿ ಮತ್ತೆ ಗೇಜ್ ಇಟ್ಟಾಗ 112, 110. ಸಾಲದ ಮಾತು ಅಲ್ಲಿಗೇ ನಿಂತಿತು.

ಜೂನಿನಲ್ಲಿ ಕಡಲು ತುಸು ಶಾಂತವಾದ ದಿನ ಆ ದೋಣಿ ಹೊರಟಿತು. ಎಂಜಿನ್ನಿನ ಹಿಂದಿನಿಂದ ನೀರಿನ ಸಣ್ಣ ಧಾರೆ ಚಿಮ್ಮುತ್ತಿತ್ತು. "ನೀರು ಬರ್ತಿದೆ ಅಜ್ಜಾ!" ಎಂದು ಮೊಮ್ಮಗಳು ಕೂಗಿದಳು. ದೋಣಿಯಿಂದ ನೆರೆಯವರು ಅವಳಿಗೆ ಕೈ ಬೀಸಿದರು.