ಶಯ್ಯಾಗೃಹದ ಧೂಳೂ ಉಬ್ಬಸರೋಗವೂ

೧

ಉಬ್ಬಸ, ಗೂರಲು, ದಮ್ಮು ಎಂದು ಜನರ ಮಾತಿನಲ್ಲಿ ನಾನಾ ಹೆಸರುಗಳನ್ನು ಪಡೆದಿರುವ ಶ್ವಾಸರೋಗವು ಹಗಲಿಗಿಂತ ರಾತ್ರಿಯಲ್ಲಿ, ಅದರಲ್ಲಿಯೂ ಬೆಳಗಿನ ಜಾವದಲ್ಲಿ, ಹೆಚ್ಚಾಗಿ ಬಾಧಿಸುವುದೆಂಬುದು ಎಲ್ಲರೂ ಬಲ್ಲ ವಿಷಯ. ಚರಕಸಂಹಿತೆಯ ಚಿಕಿತ್ಸಾಸ್ಥಾನವು ಶ್ವಾಸರೋಗವನ್ನು ಐದು ಬಗೆಯಾಗಿ ವಿಂಗಡಿಸಿ, ಅವುಗಳಲ್ಲಿ ತಮಕಶ್ವಾಸದ ಲಕ್ಷಣವನ್ನು ಹೇಳುವಾಗ, ರೋಗಿಯು ಮಲಗಿದರೆ ಬಾಧೆ ಹೆಚ್ಚುವುದನ್ನೂ, ಎದ್ದು ಕುಳಿತರೆ ನೆಮ್ಮದಿಯಾಗುವುದನ್ನೂ, ಮೋಡ ಕವಿದಾಗಲೂ ಮಳೆ ಚಳಿಗಳಲ್ಲಿಯೂ ರೋಗವು ಉಲ್ಬಣಿಸುವುದನ್ನೂ ಎತ್ತಿ ಹೇಳಿದೆ. ಶ್ವಾಸರೋಗದ ಕಾರಣಗಳನ್ನು ಎಣಿಸುವಲ್ಲಿ ಧೂಳು ಹೊಗೆಗಳೂ ಸೇರಿವೆ. ಧೂಳು, ಶಯನ, ತೇವ ಈ ಮೂರನ್ನೂ ಕಂಡ ಆ ವೈದ್ಯರ ಅವಲೋಕನವು ಬಹು ಸೂಕ್ಷ್ಮವಾದುದು. ಆದರೆ ಈ ಮೂರನ್ನೂ ಒಟ್ಟಿಗೆ ಕಟ್ಟುವ ಒಂದು ಎಳೆಯುಂಟೆಂಬುದು ಇಪ್ಪತ್ತನೆಯ ಶತಮಾನದವರೆಗೆ ಸ್ಪಷ್ಟವಾಗಲಿಲ್ಲ. ಆ ಎಳೆ ಯಾವುದು, ಅದು ತಿಳಿದುದರಿಂದ ರೋಗಿಯ ಮಲಗುವ ಕೋಣೆಯಲ್ಲಿ ಯಾವ ಪ್ರಯತ್ನ ಸಫಲ, ಯಾವುದು ವ್ಯರ್ಥ ಎಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಹಾಸಿಗೆಯ ಮೇಲೆ ಸಂಶಯವು ಯುರೋಪಿನಲ್ಲಿಯೂ ಹಳೆಯದೇ. ೧೫೫೨ರಲ್ಲಿ ಇಟಲಿಯ ಪ್ರಸಿದ್ಧ ವೈದ್ಯನೂ ಗಣಿತಜ್ಞನೂ ಆದ ಕಾರ್ಡಾನೋ ಎಂಬಾತನು, ಬಹುಕಾಲದಿಂದ ಉಬ್ಬಸದಿಂದ ನರಳುತ್ತಿದ್ದ ಸೇಂಟ್ ಆಂಡ್ರೂಸಿನ ಮಹಾಧರ್ಮಾಧ್ಯಕ್ಷ ಜಾನ್ ಹ್ಯಾಮಿಲ್ಟನ್ನನ ಚಿಕಿತ್ಸೆಗಾಗಿ ಎಡಿನ್‌ಬರೋ ನಗರಕ್ಕೆ ಹೋದನು. ಅಲ್ಲಿ ಅವನು ವಿಧಿಸಿದ ಅನೇಕ ಪಥ್ಯಗಳಲ್ಲಿ ಒಂದು, ಹಕ್ಕಿಯ ಗರಿ ತುಂಬಿದ ಹಾಸಿಗೆಯನ್ನು ಬಿಟ್ಟು ರೇಷ್ಮೆ ತುಂಬಿದ ಹಾಸಿಗೆಯಲ್ಲಿ ಮಲಗತಕ್ಕದ್ದೆಂಬುದು. ರೋಗಿಗೆ ಗುಣ ಕಂಡಿತು. ದೋಷವಿದ್ದುದು ಗರಿಯಲ್ಲಿಯೋ, ಗರಿಯನ್ನು ಆಶ್ರಯಿಸಿದ್ದ ಮತ್ತೊಂದರಲ್ಲಿಯೋ ಎಂದು ನಿರ್ಣಯಿಸುವ ಸಾಧನವು ಆ ಕಾಲದಲ್ಲಿ ಇರಲಿಲ್ಲ.

೨

ಈ ವಿಷಯದ ಶಾಸ್ತ್ರೀಯ ವಿಚಾರವು ಆರಂಭವಾದುದು ಒಂದು ಹೊಸ ಶಬ್ದದೊಡನೆ. ವಿಯೆನ್ನಾದ ವೈದ್ಯ ಪಿರ್ಕೆ ಎಂಬಾತನು ೧೯೦೬ರಲ್ಲಿ ‘ಬೇರೆ’, ‘ಕಾರ್ಯ’ ಎಂಬ ಅರ್ಥಗಳ ಎರಡು ಗ್ರೀಕ್ ಪದಗಳನ್ನು ಕೂಡಿಸಿ ‘ಅಲರ್ಜಿ’ ಎಂಬ ಮಾತನ್ನು ನಿರ್ಮಿಸಿದನು. ದೇಹವು ಒಂದು ವಸ್ತುವಿನ ಪರಿಚಯವಾದ ಮೇಲೆ ಅದರ ವಿಷಯದಲ್ಲಿ ಮೊದಲಿಗಿಂತ ಬೇರೆಯಾದ ರೀತಿಯಿಂದ ವರ್ತಿಸುವುದೆಂಬುದು ಅದರ ತಾತ್ಪರ್ಯ. ಇತರರಿಗೆ ನಿರುಪದ್ರವಿಯಾದ ವಸ್ತುವು ಕೆಲವರ ದೇಹಕ್ಕೆ ಒಗ್ಗದಿರುವುದೆಂಬುದೇ ಇಂದು ರೂಢಿಯಲ್ಲಿರುವ ಅರ್ಥ.

೧೯೨೧ರಲ್ಲಿ ಕರ್ನ್, ಮರುವರ್ಷ ಕುಕ್ ಎಂಬ ಅಮೆರಿಕದ ವೈದ್ಯರು, ಉಬ್ಬಸರೋಗಿಗಳಲ್ಲಿ ಅನೇಕರ ಚರ್ಮವು ಮನೆಯ ಧೂಳಿನ ಸಾರಕ್ಕೆ ದದ್ದೆದ್ದು ಪ್ರತಿಕ್ರಿಯೆ ತೋರುವುದನ್ನು ಕಂಡರು. ಆದರೆ ಧೂಳೆಂಬುದು ಒಂದೇ ಪದಾರ್ಥವಲ್ಲ. ಬಟ್ಟೆಯ ನೂಲು, ಚರ್ಮದ ಹೊಟ್ಟು, ಬೂಷ್ಟು, ಮಣ್ಣು, ಮಸಿ ಎಲ್ಲವೂ ಅದರಲ್ಲಿ ಬೆರೆತಿರುತ್ತವೆ. ಇವುಗಳಲ್ಲಿ ಅಪರಾಧಿ ಯಾವುದು? ಉತ್ತರವನ್ನು ಹುಡುಕಿದವರು ನೆದರ್ಲೆಂಡ್ಸಿನ ಲೈಡನ್ ನಗರದ ವಿದ್ವಾಂಸರು. ಕಾಲುವೆಗಳ ನಡುವೆ ತಗ್ಗಾದ ನೆಲದಲ್ಲಿ ನಿಂತಿರುವ ಆ ನಗರದ ಮನೆಗಳು ಸಹಜವಾಗಿ ತೇವವುಳ್ಳವು. ಅಲ್ಲಿ ೧೯೨೦ರ ದಶಕದಲ್ಲಿಯೇ ಸ್ಟಾರ್ಮ್ ಫಾನ್ ಲೇವೆನ್ ಎಂಬ ಪ್ರಾಧ್ಯಾಪಕನು, ಶುದ್ಧಗೊಳಿಸಿದ ಗಾಳಿ ಬರುವ ಪ್ರತ್ಯೇಕ ಕೊಠಡಿಗಳಲ್ಲಿ ರೋಗಿಗಳನ್ನು ಮಲಗಿಸಿ, ಅವರ ಉಸಿರಾಟವು ಸುಗಮವಾಗುವುದನ್ನು ತೋರಿಸಿದ್ದನು. ಅದೇ ಊರಿನಲ್ಲಿ ಫೋರ್‌ಹೋರ್ಸ್ಟ್, ಸ್ಪೀಕ್ಸ್‌ಮಾ ಮೊದಲಾದವರು ಹಲವು ಮನೆಗಳ ಧೂಳನ್ನು ಹೋಲಿಸಿ ನೋಡಲಾಗಿ, ತೇವದ ಮನೆಯ ಧೂಳು ಒಣಮನೆಯ ಧೂಳಿಗಿಂತಲೂ, ಹಾಸಿಗೆಯ ಧೂಳು ನೆಲದ ಧೂಳಿಗಿಂತಲೂ ತೀವ್ರವಾದುದೆಂದು ಕಂಡುಬಂದಿತು. ತೀವ್ರತೆ ಹೆಚ್ಚಿದ ಕಡೆಯಲ್ಲೆಲ್ಲ ಸೂಕ್ಷ್ಮದರ್ಶಕದ ಕೆಳಗೆ ಒಂದು ನುಸಿಯೂ ಹೆಚ್ಚಾಗಿ ಕಾಣಿಸಿತು. ಆ ನುಸಿಯನ್ನೇ ಬೇರೆಯಾಗಿ ಸಾಕಿ ಅದರ ಸಾರವನ್ನು ಪರೀಕ್ಷಿಸಿದಾಗ, ರೋಗಿಗಳ ಚರ್ಮವು ಧೂಳಿನ ಸಾರಕ್ಕಿಂತ ಬಹಳ ಹೆಚ್ಚಾಗಿ ಪ್ರತಿಕ್ರಿಯಿಸಿತು. ೧೯೬೪ರಿಂದ ೧೯೬೭ರವರೆಗೆ ಪ್ರಕಟವಾದ ಈ ಶೋಧನೆಗಳಿಂದ ‘ಧೂಳಿನ ರೋಗ’ವೆಂಬುದು ಬಹುಮಟ್ಟಿಗೆ ನುಸಿಯ ರೋಗವೆಂದು ಸಿದ್ಧವಾಯಿತು.

ಈ ಪ್ರಾಣಿಗೆ ಶಾಸ್ತ್ರೀಯ ನಾಮಕರಣವಾದುದು ೧೮೯೭ರಲ್ಲಿಯೇ. ‘ಡರ್ಮಟೋಫಗಾಯ್ಡೀಸ್ ಟೆರೊನಿಸಿನಸ್’ ಎಂಬ ಅದರ ಹೆಸರಿನ ಪೂರ್ವಾರ್ಧವು ಚರ್ಮಭಕ್ಷಕವೆಂಬ ಅರ್ಥವನ್ನೂ, ಉತ್ತರಾರ್ಧವು ಗರಿಯನ್ನು ಚುಚ್ಚುವುದೆಂಬ ಅರ್ಥವನ್ನೂ ಸೂಚಿಸುತ್ತದೆ. ಕಾರ್ಡಾನೋ ತೆಗೆಯಿಸಿದ ಗರಿಯ ಹಾಸಿಗೆಯ ನೆನಪು ಇಲ್ಲಿ ಬಾರದಿರದು.

೩

ಧೂಳುನುಸಿಯು ಕೀಟವಲ್ಲ. ಎಂಟು ಕಾಲುಗಳುಳ್ಳ ಇದು ಜೇಡನ ವರ್ಗಕ್ಕೆ ಸೇರಿದುದು. ದನಕ್ಕೆ ಹತ್ತುವ ಉಣ್ಣಿಯೂ ತೆಂಗಿನಕಾಯಿಗೆ ಬೀಳುವ ನುಸಿಯೂ ಇದರ ದೂರದ ಬಂಧುಗಳು. ಉದ್ದ ಸುಮಾರು ಮಿಲ್ಲಿಮೀಟರಿನ ಮೂರರಲ್ಲೊಂದು ಪಾಲು. ಆದುದರಿಂದ ಬರಿಗಣ್ಣಿಗೆ ಕಾಣುವುದು ದುಸ್ತರ. ಇದು ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ಮನುಷ್ಯನ ಮೈಯಿಂದ ದಿನವೂ ಉದುರುವ ಚರ್ಮದ ಹೊಟ್ಟೇ ಇದರ ಆಹಾರ. ಎರಡು ಮೂರು ತಿಂಗಳ ಆಯುಷ್ಯದಲ್ಲಿ ಹೆಣ್ಣುನುಸಿಯು ಹತ್ತಾರು ಮೊಟ್ಟೆಗಳನ್ನಿಡುತ್ತದೆ.

ಇದರ ಜೀವನದ ಮರ್ಮವಿರುವುದು ನೀರಿನಲ್ಲಿ. ನುಸಿಗೆ ನೀರು ಕುಡಿಯುವ ಕ್ರಮವಿಲ್ಲ. ತನ್ನ ದೇಹಕ್ಕೆ ಬೇಕಾದ ನೀರನ್ನು ಅದು ಮುಂಗಾಲುಗಳ ಬುಡದ ಬಳಿಯ ಗ್ರಂಥಿಗಳ ಸಹಾಯದಿಂದ ಗಾಳಿಯ ಆವಿಯಿಂದಲೇ ಹೀರಿಕೊಳ್ಳುತ್ತದೆ. ಗಾಳಿಯ ಸಾಪೇಕ್ಷ ತೇವವು ನೂರಕ್ಕೆ ೭೫ರಿಂದ ೮೦ರಷ್ಟೂ, ಉಷ್ಣತೆಯು ೨೫ ಡಿಗ್ರಿ ಸೆಲ್ಸಿಯಸ್ಸಿನಷ್ಟೂ ಇದ್ದರೆ ಅದಕ್ಕೆ ಪರಮಸುಖ. ತೇವವು ನೂರಕ್ಕೆ ೫೦ಕ್ಕಿಂತ ಕಡಮೆಯಾಗಿ ಬಹುಕಾಲ ನಿಂತರೆ ಅದು ಒಣಗಿ ಸಾಯುತ್ತದೆ. ಮಲಗಿದವನ ಮೈಯ ಬಿಸುಪು, ಬೆವರಿನ ತೇವ, ಚರ್ಮದ ಹೊಟ್ಟು ಮೂರೂ ಒಂದೇ ಸ್ಥಳದಲ್ಲಿ ದೊರೆಯುವುದರಿಂದ ಹಾಸಿಗೆ ದಿಂಬುಗಳಿಗಿಂತ ಉತ್ತಮವಾದ ಬೀಡು ಈ ಪ್ರಾಣಿಗೆ ಮತ್ತೊಂದಿಲ್ಲ.

ಇದರಿಂದ ಒಂದು ಅನ್ಯಾಯದ ಭಾವನೆಯ ನಿವಾರಣೆಯಾಗುತ್ತದೆ. ಮಗುವಿಗೆ ಧೂಳಿನಿಂದ ಉಬ್ಬಸವೆಂದು ವೈದ್ಯನು ಹೇಳಿದೊಡನೆ, ಮನೆಯನ್ನು ಶುಚಿಯಾಗಿಟ್ಟುಕೊಂಡಿಲ್ಲವೆಂಬ ಅಪವಾದವು ತಾಯಿಯ ಮೇಲೆ ಬರುವುದುಂಟು. ಆಕೆ ದಿನಕ್ಕೆರಡು ಸಲದ ಬದಲು ನಾಲ್ಕು ಸಲ ಕಸ ಗುಡಿಸುತ್ತಾಳೆ. ರೋಗ ಮಾತ್ರ ತಗ್ಗದು. ನುಸಿಯು ಇರುವುದೂ ಇಲ್ಲದಿರುವುದೂ ಮುಖ್ಯವಾಗಿ ತೇವವನ್ನು ಅವಲಂಬಿಸಿದೆಯೇ ಹೊರತು ಗೃಹಿಣಿಯ ಶ್ರದ್ಧೆಯನ್ನಲ್ಲ. ಅತ್ಯಂತ ಶುಚಿಯಾದ ಮನೆಯ ಮೆತ್ತನೆಯ ಹಾಸಿಗೆಯಲ್ಲಿಯೂ ಅದು ವಾಸಿಸಬಲ್ಲುದು. ಒಣಪೊರಕೆಯ ಗುಡಿಸುವಿಕೆಯಾದರೋ ನೆಲದಲ್ಲಿದ್ದುದನ್ನು ಮೂಗಿನ ಎತ್ತರಕ್ಕೆ ಏರಿಸುತ್ತದೆ.

೪

ಕಚ್ಚದ ಪ್ರಾಣಿಯಿಂದ ಉಬ್ಬಸ ಬರುವುದು ಹೇಗೆ? ೧೯೮೧ರಲ್ಲಿ ಪ್ರಕಟವಾದ ಶೋಧನೆಯ ಪ್ರಕಾರ, ರೋಗಕಾರಕ ವಸ್ತುವಿನ ಬಹುಭಾಗವು ನುಸಿಯ ಶರೀರದಲ್ಲಿರದೆ ಅದರ ಹಿಕ್ಕೆಯಲ್ಲಿರುತ್ತದೆ. ಒಂದು ಹಿಕ್ಕೆಯ ಗಾತ್ರವು ೧೦ರಿಂದ ೪೦ ಮೈಕ್ರಾನ್, ಎಂದರೆ ಹೂವಿನ ಪರಾಗದ ಕಣದಷ್ಟು. ಅದರಲ್ಲಿರುವ ಪ್ರಧಾನ ದ್ರವ್ಯವು ಮಾಂಸಸತ್ತ್ವವನ್ನು ಜೀರ್ಣಿಸುವ ಒಂದು ಕಿಣ್ವ. ಉಸಿರಿನೊಡನೆ ಒಳಹೊಕ್ಕ ಆ ಕಿಣ್ವವು ಶ್ವಾಸನಾಳದ ಒಳಪೊರೆಯ ಕೋಶಗಳ ಬೆಸುಗೆಯನ್ನು ಸಡಿಲಿಸಿ ತನ್ನ ದಾರಿಯನ್ನು ತಾನೇ ಮಾಡಿಕೊಳ್ಳುತ್ತದೆ. ಒಗ್ಗದಿಕೆಯ ಪ್ರವೃತ್ತಿಯುಳ್ಳವರ ದೇಹವು ಅದಕ್ಕೆ ಎದುರಾಗಿ ‘ಇಮ್ಯುನೋಗ್ಲಾಬ್ಯುಲಿನ್ ಇ’ ಎಂಬ ವಿಶೇಷ ದ್ರವ್ಯವನ್ನು ಹುಟ್ಟಿಸುತ್ತದೆ. ಇದು ೧೯೬೬–೬೭ರಲ್ಲಿ ಪತ್ತೆಯಾದುದು. ಮುಂದೆ ಅದೇ ಕಿಣ್ವವು ಮತ್ತೆ ಬಂದಾಗಲೆಲ್ಲ ಕೆಲವು ಕೋಶಗಳು ಹಿಸ್ಟಮೀನ್ ಮೊದಲಾದ ತೀಕ್ಷ್ಣದ್ರವ್ಯಗಳನ್ನು ಸೂಸಿ, ನಾಳಗಳು ಊದಿಕೊಂಡು, ಸುತ್ತಲಿನ ಸ್ನಾಯು ಬಿಗಿದು, ಕಫ ತುಂಬಿ, ಉಸಿರಿನ ಹಾದಿ ಕಿರಿದಾಗುತ್ತದೆ. ಆರೋಗ್ಯವಂತರಲ್ಲಿಯೂ ಬೆಳಗಿನ ಜಾವದಲ್ಲಿ ಶ್ವಾಸನಾಳಗಳು ತುಸು ಕಿರಿದಾಗುವುದು ಸ್ವಾಭಾವಿಕ. ರಾತ್ರಿಯೆಲ್ಲ ದಿಂಬಿಗೆ ಮೂಗಿಟ್ಟು ಮಲಗಿದ ರೋಗಿಯಲ್ಲಿ ಈ ಎರಡೂ ಕೂಡಿಕೊಳ್ಳುವುದರಿಂದ ಅವನು ಆ ಹೊತ್ತಿನಲ್ಲಿ ಎದ್ದು ಕುಳಿತುಕೊಳ್ಳಬೇಕಾಗುತ್ತದೆ.

ತೇವಕ್ಕೂ ನುಸಿಗೂ ಇರುವ ಸಂಬಂಧಕ್ಕೆ ಎರಡು ಪರ್ವತಪ್ರದೇಶಗಳು ಎರಡು ವಿಧವಾದ ಸಾಕ್ಷ್ಯವನ್ನು ನುಡಿಯುತ್ತವೆ. ಸ್ವಿಟ್ಜರ್ಲೆಂಡಿನ ಡಾವೋಸ್ ಸಮುದ್ರಮಟ್ಟದಿಂದ ಸುಮಾರು ೧,೫೬೦ ಮೀಟರ್ ಎತ್ತರದಲ್ಲಿದೆ. ಅಲ್ಲಿಗೆ ಹೋದ ಉಬ್ಬಸರೋಗಿಗಳು ಚೇತರಿಸಿಕೊಳ್ಳುವರೆಂಬುದು ಬಹುಕಾಲದ ಅನುಭವ. ಅಲ್ಲಿನ ಒಣಗಾಳಿಯಲ್ಲಿ ನುಸಿಗಳು ಅತ್ಯಲ್ಪವೆಂಬುದು ಅದರ ಒಂದು ಮುಖ್ಯ ಕಾರಣವೆಂದು ತರುವಾಯ ತಿಳಿಯಿತು. ಇದಕ್ಕೆ ವ್ಯತಿರಿಕ್ತವಾದುದು ಪಪುವಾ ನ್ಯೂಗಿನಿಯ ಪೂರ್ವ ಮಲೆನಾಡಿನ ಫೋರೆ ಜನರ ಕಥೆ. ಅವರಲ್ಲಿ ಉಬ್ಬಸವು ಮೊದಲು ಅತಿ ವಿರಳವಾಗಿತ್ತು. ಹೊರಗಿನ ಪ್ರಪಂಚದ ಸಂಪರ್ಕದಿಂದ ಹೊದಿಕೆಯ ಕಂಬಳಿಗಳು ಅವರ ಗುಡಿಸಲುಗಳನ್ನು ಹೊಕ್ಕವು. ೧೯೮೫ರಲ್ಲಿ ಪ್ರಕಟವಾದ ಸಮೀಕ್ಷೆಯ ವೇಳೆಗೆ ಅವರ ವಯಸ್ಕರಲ್ಲಿ ನೂರಕ್ಕೆ ಸುಮಾರು ಏಳು ಮಂದಿ ಉಬ್ಬಸರೋಗಿಗಳಾಗಿದ್ದರು. ಕಂಬಳಿಗಳಲ್ಲಿ ನುಸಿಗಳು ವಿಪುಲವಾಗಿದ್ದವು. ಚಳಿಯನ್ನು ಕಳೆಯಲು ಬಂದ ವಸ್ತುವೇ ರೋಗದ ವಾಹನವಾಯಿತೆಂದು ಶೋಧಕರು ಊಹಿಸಿದರು.

೫

ಈಗ ಪರಿಹಾರದ ವಿಚಾರ. ಮೊದಲನೆಯದಾಗಿ, ರೋಗಿಗೆ ಒಗ್ಗದಿರುವುದು ನುಸಿಯೇ ಎಂಬುದನ್ನು ಚರ್ಮಪರೀಕ್ಷೆಯಿಂದಾಗಲಿ ರಕ್ತಪರೀಕ್ಷೆಯಿಂದಾಗಲಿ ನಿಶ್ಚಯಿಸಿಕೊಳ್ಳತಕ್ಕದ್ದು. ಬೆಕ್ಕಿನಿಂದಲೋ ಬೂಷ್ಟಿನಿಂದಲೋ ಬಾಧೆಪಡುವವನಿಗೆ ಹಾಸಿಗೆಯ ಉಪಚಾರದಿಂದ ಫಲವಿಲ್ಲ.

ನಿಶ್ಚಯವಾದ ಬಳಿಕ ಮಾಡತಕ್ಕ ಕೆಲಸಗಳು ಮೂರು ತೆರನಾದುವು: ನುಸಿಯನ್ನು ಕೊಲ್ಲುವುದು, ಹಿಕ್ಕೆಯನ್ನು ತೊಳೆಯುವುದು, ಉಳಿದುದು ಮೂಗಿಗೆ ತಲಪದಂತೆ ತಡೆಯುವುದು. ಹೊದಿಕೆ, ಹಾಸು, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ೫೫ ಡಿಗ್ರಿಗೆ ಕಡಮೆಯಿಲ್ಲದ ಬಿಸಿನೀರಿನಲ್ಲಿ ಒಗೆದರೆ ಮೊದಲಿನ ಎರಡೂ ಒಟ್ಟಿಗೆ ನೆರವೇರುತ್ತವೆ. ತಣ್ಣೀರಿನ ಒಗೆತವು ಹಿಕ್ಕೆಯನ್ನು ಕಳೆಯುತ್ತದೆ. ನುಸಿಗಳಲ್ಲಿ ಬಹುಪಾಲು ಬದುಕಿಯೇ ಉಳಿಯುತ್ತವೆ. ಬಿಸಿನೀರನ್ನು ಸಹಿಸದ ಉಣ್ಣೆಯ ಬಟ್ಟೆಯನ್ನೂ ಮಕ್ಕಳ ಬೊಂಬೆಯನ್ನೂ ಶೀತಕಪೆಟ್ಟಿಗೆಯ ಹಿಮದ ಅರೆಯಲ್ಲಿ ಒಂದು ದಿನ ಪೂರ್ತಿ ಇಟ್ಟು ಆಮೇಲೆ ಒಗೆಯಬಹುದು. ಬಿಸಿಲೂ ಒಂದು ಪ್ರಬಲ ಸಾಧನವೇ. ನೆಲಗಂಬಳಿಯನ್ನು ನೇರ ಬಿಸಿಲಿಗೆ ಹರಡಿದರೆ ಅದರಲ್ಲಿರುವ ನುಸಿಗಳೆಲ್ಲ ಸಾಯುವುವೆಂದು ಸಿಡ್ನಿಯ ಶೋಧಕರು ೧೯೯೪ರಲ್ಲಿ ತೋರಿಸಿಕೊಟ್ಟರು. ಆದರೆ ದಪ್ಪ ಹಾಸಿಗೆಯ ಒಡಲಿಗೆ ಬಿಸಿಲಿನ ಕಾವು ಮುಟ್ಟುವುದು ಕಷ್ಟ. ಸತ್ತ ನುಸಿಯ ಹಿಕ್ಕೆಯಾದರೋ ಅಲ್ಲಿಯೇ ಉಳಿದಿರುತ್ತದೆ. ಮಳೆಗಾಲ ಕಳೆದೊಡನೆ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯುವ ಕನ್ನಡನಾಡಿನ ಪದ್ಧತಿಯು ಆದುದರಿಂದ ಯುಕ್ತವಾದುದೇ. ಬಡಿಯುವ ಕೆಲಸವನ್ನು ರೋಗಿಯು ತಾನೇ ಮಾಡಬಾರದು, ಕೋಣೆಯೊಳಗೂ ಮಾಡಬಾರದು. ಒಗೆಯಲಾಗದ ಹತ್ತಿಯ ಹಾಸಿಗೆಗಿಂತ ಪೂರ್ತಿಯಾಗಿ ಒಗೆಯಬಹುದಾದ ಕೌದಿಯಂಥ ಹಾಸು ಈ ದೃಷ್ಟಿಯಿಂದ ಮೇಲು.

ತಡೆಯುವುದಕ್ಕಾಗಿ, ಹಾಸಿಗೆ ದಿಂಬುಗಳನ್ನು ಪೂರ್ತಿ ಮುಚ್ಚುವ, ರಂಧ್ರಗಳು ೧೦ ಮೈಕ್ರಾನಿಗಿಂತ ಕಿರಿದಾದ ಒತ್ತುನೆಯ್ಗೆಯ ಗವುಸುಗಳುಂಟು. ಗಾಳಿಯನ್ನು ಸೋಸುವ ಯಂತ್ರಗಳಿಂದ ಈ ವಿಷಯದಲ್ಲಿ ದೊರೆಯುವ ಲಾಭ ಅಲ್ಪ. ನುಸಿಯ ಹಿಕ್ಕೆಯು ಭಾರವಾದುದರಿಂದ ಹಾಸಿಗೆ ಕೊಡವಿದಾಗ ಮೇಲೆದ್ದು ಸ್ವಲ್ಪ ಹೊತ್ತಿನಲ್ಲಿಯೇ ಕೆಳಗಿಳಿಯುತ್ತದೆ. ಗಾಳಿಯಲ್ಲಿಲ್ಲದುದನ್ನು ಯಂತ್ರವು ಸೋಸಲಾರದು. ನೆಲವನ್ನು ಗುಡಿಸುವುದಕ್ಕಿಂತ ಒದ್ದೆಬಟ್ಟೆಯಿಂದ ಒರೆಸುವುದು ಲೇಸು. ನೆಲಗಂಬಳಿ, ದಪ್ಪ ಪರದೆಗಳು ಮಲಗುವ ಕೋಣೆಯಲ್ಲಿ ಇರಬಾರದು. ವಿದ್ವಾಂಸರಿಗೆ ಅಪ್ರಿಯವಾದರೂ ಹೇಳತಕ್ಕ ಮಾತೊಂದುಂಟು: ಪುಸ್ತಕಗಳ ಕಪಾಟಿಗೂ ಬೇರೆ ಕೋಣೆಯೇ ಯೋಗ್ಯ.

ಕಿಟಕಿ ತೆರೆಯುವ ವಿಷಯದಲ್ಲಿ ಎಲ್ಲ ಊರಿಗೂ ಒಂದೇ ವಿಧಿ ಸಲ್ಲದು. ಬಳ್ಳಾರಿ, ಕಲಬುರಗಿಗಳ ಬೇಸಗೆಯ ಗಾಳಿಯು ಕೋಣೆಯನ್ನು ಒಣಗಿಸುತ್ತದೆ. ಮಳೆಗಾಲದಲ್ಲಿ ಕರಾವಳಿ ಮಲೆನಾಡುಗಳ ಗಾಳಿಯು ತೇವವನ್ನೇ ಒಳತರುತ್ತದೆ. ಅಂಥ ಕಡೆ ಒದ್ದೆಬಟ್ಟೆಗಳನ್ನು ಮಲಗುವ ಕೋಣೆಯಲ್ಲಿ ಹರಡದಿರುವುದೂ, ಸೋರುವ ಗೋಡೆಯನ್ನು ಸರಿಪಡಿಸುವುದೂ ಮುಖ್ಯ.

೬

ಇಷ್ಟನ್ನು ಹೇಳಿದ ಮೇಲೆ ಇವುಗಳ ಮಿತಿಯನ್ನೂ ಹೇಳಬೇಕು. ೨೦೦೩ರಲ್ಲಿ ಇಂಗ್ಲೆಂಡಿನಿಂದ ಪ್ರಕಟವಾದ, ೧,೧೨೨ ವಯಸ್ಕ ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಗವುಸು ಹಾಕಿದುದರಿಂದ ಮಾತ್ರವೇ ಯಾವ ಪ್ರಯೋಜನವೂ ಕಂಡುಬರಲಿಲ್ಲ. ೨೦೦೪ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ, ೯೩೭ ಮಕ್ಕಳ ಪೈಕಿ ಯಾರ ಮನೆಗಳಲ್ಲಿ ಹಲವು ಉಪಾಯಗಳನ್ನು ಒಟ್ಟಿಗೆ ಅನುಸರಿಸಲಾಯಿತೋ ಅವರಿಗೆ ಬಾಧೆಯ ದಿನಗಳು ಕಡಮೆಯಾದುವು. ಉಬ್ಬಸ ಉಲ್ಬಣಿಸಿ ಆಸ್ಪತ್ರೆಗೆ ಬಂದ, ನುಸಿ ಒಗ್ಗದ ೨೮೪ ಮಕ್ಕಳಲ್ಲಿ ಗವುಸುಗಳಿಂದ ಮತ್ತೆ ತುರ್ತಾಗಿ ಆಸ್ಪತ್ರೆಗೆ ಬರುವವರ ಸಂಖ್ಯೆ ತಗ್ಗಿತೆಂದು ೨೦೧೭ರಲ್ಲಿ ಮ್ಯಾಂಚೆಸ್ಟರಿನ ವೈದ್ಯರು ವರದಿಮಾಡಿದರು. ಇವುಗಳಿಂದ ತಿಳಿಯುವುದೇನೆಂದರೆ, ಎಳೆಯರಲ್ಲಿ ಈ ಉಪಚಾರವು ಹೆಚ್ಚು ಫಲಕಾರಿ. ಒಂದೇ ಉಪಾಯವನ್ನು ನೆಚ್ಚಿ ಬೆಲೆಬಾಳುವ ಗವುಸನ್ನು ಕೊಂಡು ಮಿಕ್ಕುದನ್ನು ಬಿಡುವುದು ಹಣದ ವ್ಯಯ ಮಾತ್ರ.

ಹಾಸಿಗೆಯ ಆರೈಕೆಯು ಔಷಧಕ್ಕೆ ಸಹಾಯವೇ ಹೊರತು ಔಷಧದ ಪ್ರತಿನಿಧಿಯಲ್ಲ. ಶ್ವಾಸನಾಳದ ಊತವನ್ನು ಇಳಿಸುವ ಸ್ಟೀರಾಯ್ಡ್ ಔಷಧವನ್ನು ಇನ್‌ಹೇಲರಿನ ಮೂಲಕ ಅತ್ಯಲ್ಪ ಪ್ರಮಾಣದಲ್ಲಿ ಸೇದುವುದೇ ಇಂದಿನ ಚಿಕಿತ್ಸೆಯ ಬುನಾದಿ. ಅದು ಚಟವಾಗಿ ಅಂಟಿಕೊಳ್ಳುವುದೆಂಬ ಭೀತಿಯಿಂದ ಕೈಬಿಡುವವರು ಹಲವರು. ಆ ಭೀತಿಗೆ ಆಧಾರವಿಲ್ಲ. ಬಿಗಿತವನ್ನು ಕೂಡಲೇ ಸಡಿಲಿಸುವ ಔಷಧವನ್ನು ಮಾತ್ರ ಪದೇ ಪದೇ ಸೇದಿ ಊತವನ್ನು ಹಾಗೆಯೇ ಬಿಡುವುದು ಅಪಾಯಕರ. ಉಸಿರಿನ ಕಷ್ಟದಿಂದ ಒಂದು ವಾಕ್ಯವನ್ನೂ ಪೂರ್ತಿಯಾಗಿ ಆಡಲಾರದವನನ್ನು, ತುಟಿ ನೀಲಿಯಾದವನನ್ನು, ರಾತ್ರಿ ಎಷ್ಟೇ ಹೊತ್ತಾಗಿರಲಿ ತಡವಿಲ್ಲದೆ ಆಸ್ಪತ್ರೆಗೆ ಒಯ್ಯಬೇಕು. ಹಾಸಿಗೆಯನ್ನು ಬಿಸಿಲಿಗೆ ಹಾಕುವುದು ಮರುದಿನದ ಕೆಲಸ.