ರೋಮಿನ ಪುರೋಹಿತ, ಏಕಸಂಬಿಯ ಆಚಾರ್ಯ

ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಬೆಳ್ಳಿಯ ನಾಣ್ಯಗಳ ಒಂದು ನಿಧಿ ದೊರೆಯಿತು. ಅವು ರೋಮ್ ಚಕ್ರವರ್ತಿಗಳ ನಾಣ್ಯಗಳು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿಯೂ ಅಂಥವು ಸಿಕ್ಕಿವೆ. ‘ಡಿನೇರಿಯಸ್’ ಎಂಬುದು ಈ ನಾಣ್ಯದ ಹೆಸರು. ನಮ್ಮ ‘ದೀನಾರ’ ಎಂಬ ಶಬ್ದ ಹುಟ್ಟಿದ್ದು ಅದರಿಂದಲೇ. ದಕ್ಷಿಣ ಭಾರತದ ಮಣ್ಣಿನಿಂದ ಎದ್ದುಬಂದ ಡಿನೇರಿಯಸ್‌ಗಳಲ್ಲಿ ಎರಡು ಬಗೆಗಳು ಅತಿ ಹೆಚ್ಚು. ಒಂದು ಆಗಸ್ಟಸ್ ಸೀಸರನದು, ಇನ್ನೊಂದು ಅವನ ಬಳಿಕ ಪಟ್ಟಕ್ಕೆ ಬಂದ ಟೈಬೀರಿಯಸನದು.

ಟೈಬೀರಿಯಸನ ನಾಣ್ಯವನ್ನು ತಿರುವಿ ನೋಡಿದರೆ ಹಿಂಬದಿಯಲ್ಲಿ ಕುಳಿತ ಒಬ್ಬ ಸ್ತ್ರೀಯ ಮೂರ್ತಿ, ಅದರ ಸುತ್ತ ‘ಪಾಂಟಿಫ್ ಮ್ಯಾಕ್ಸಿಂ’ ಎಂಬ ಅಕ್ಷರಗಳು. ‘ಪಾಂಟಿಫೆಕ್ಸ್ ಮ್ಯಾಕ್ಸಿಮಸ್’ ಎಂಬುದರ ಮೊಟಕು ರೂಪ ಅದು. ಪ್ರಧಾನ ಪುರೋಹಿತ ಎಂದು ಅರ್ಥ. ಆಗಸ್ಟಸನ ನಾಣ್ಯದಲ್ಲಿ ಅವನು ದತ್ತು ಪಡೆದ ಇಬ್ಬರು ಹುಡುಗರು ಗುರಾಣಿ-ಭರ್ಜಿಗಳ ನಡುವೆ ನಿಂತಿದ್ದಾರೆ. ಅವರ ಮೇಲ್ಗಡೆ ಯಜ್ಞದ ಒಂದು ಸೌಟು ಮತ್ತು ಶಕುನ ನೋಡುವವನ ಡೊಂಕು ಕೋಲು. ಸುತ್ತಲಿನ ಬರಹ ಅವರನ್ನು ಮುಂದೆ ಕಾನ್ಸಲ್ ಆಗಲಿರುವವರೆಂದು ಸಾರುತ್ತದೆ. ರಾಜ್ಯಾಧಿಕಾರ ಮತ್ತು ಪೌರೋಹಿತ್ಯ ಎರಡೂ ಒಂದು ಚೂರು ಬೆಳ್ಳಿಯ ಮೇಲೆ! ಯೇಸುಕ್ರಿಸ್ತನು ಕೈಗೆ ತರಿಸಿಕೊಂಡು, ಇದರ ಮೇಲೆ ಯಾರ ಮುಖವಿದೆಯೆಂದು ಕೇಳಿದ ನಾಣ್ಯವು ಟೈಬೀರಿಯಸನ ಈ ಬಗೆಯದೇ ಎಂದು ನಾಣ್ಯ ಬಲ್ಲವರಲ್ಲಿ ಹಳೆಯ ನಂಬಿಕೆಯೊಂದುಂಟು. ಸೀಸರನದು ಯಾವುದು, ದೇವರದು ಯಾವುದು ಎಂದು ಬೇರ್ಪಡಿಸುವ ಮಾತು ಹೊರಟದ್ದು, ಎರಡನ್ನೂ ಒಂದುಗೂಡಿಸಿದ ನಾಣ್ಯವನ್ನು ಹಿಡಿದುಕೊಂಡು ಎಂದಾಯಿತು.

ರೋಮಿನವರಿಗೆ ಇದರಲ್ಲಿ ಸೋಜಿಗವೇನೂ ಇರಲಿಲ್ಲ. ಕ್ರಿ.ಪೂ. 509ರಲ್ಲಿ ಅರಸರನ್ನು ಓಡಿಸಿದರೆಂದು ಅವರ ಐತಿಹ್ಯ. ಓಡಿಸಿದ ಮೇಲೆ ಒಂದು ತೊಡಕು ಕಾಣಿಸಿಕೊಂಡಿತು: ಅರಸನೇ ಮಾಡಬೇಕಾಗಿದ್ದ ಯಜ್ಞಗಳನ್ನು ಇನ್ನು ಮಾಡುವವರು ಯಾರು? ಅದಕ್ಕಾಗಿ ‘ಯಜ್ಞದ ಅರಸ’ ಎಂಬ ಹೆಸರಿನ ಒಬ್ಬ ಪುರೋಹಿತನನ್ನು ನೇಮಿಸಿದರು. ಹೆಸರು ಮಾತ್ರ ಅರಸ; ರಾಜಕೀಯದ ಯಾವ ಹುದ್ದೆಯನ್ನೂ ಅವನು ಹಿಡಿಯುವಂತಿರಲಿಲ್ಲ. ಆಳಿಕೆಯ ಅಧಿಕಾರ ಇಬ್ಬರು ಕಾನ್ಸಲ್‌ಗಳಿಗೆ ಹೋಯಿತು. ಅವಧಿ ಒಂದೇ ವರುಷ. ಒಬ್ಬನ ಮಾತನ್ನು ಇನ್ನೊಬ್ಬನು ತಡೆಯಬಹುದು. ಅವರಲ್ಲದೆ ನ್ಯಾಯ ನೋಡುವ ಪ್ರೀಟರ್, ಬೊಕ್ಕಸ ನೋಡುವ ಕ್ವೀಸ್ಟರ್, ಜನಗಣನೆಯ ಸೆನ್ಸರ್, ಸಾಮಾನ್ಯ ಜನರ ಪರವಾಗಿ ನಿಲ್ಲುವ ಟ್ರಿಬ್ಯೂನ್ ಇದ್ದದ್ದನ್ನು ನಮ್ಮ ವಿದ್ಯಾರ್ಥಿಗಳು ಪಾಠಪುಸ್ತಕದಲ್ಲಿ ಓದಿಯೇ ಇರುತ್ತಾರೆ.

ಪಾಠಪುಸ್ತಕಗಳು ಅಷ್ಟಾಗಿ ಹೇಳದ ಸಂಗತಿ ಬೇರೆಯಿದೆ. ಅಲ್ಲಿನ ಪುರೋಹಿತರು ಪ್ರತ್ಯೇಕವಾದ ಒಂದು ವರ್ಗವೇ ಆಗಿರಲಿಲ್ಲ. ಕಾನ್ಸಲ್ ಆಗಿದ್ದವನೇ ಪುರೋಹಿತ ಮಂಡಲಿಯ ಸದಸ್ಯನೂ ಆಗಿರುತ್ತಿದ್ದನು. ವಾಗ್ಮಿಯೂ ವಕೀಲನೂ ಆದ ಸಿಸೆರೊ ಕ್ರಿ.ಪೂ. 53ರಲ್ಲಿ ಶಕುನ ನೋಡುವ ಮಂಡಲಿಗೆ ಸೇರಿದನು. ಆ ಹೊತ್ತಿಗೆ ಕಾನ್ಸಲ್ ಪದವಿಯನ್ನು ಮುಗಿಸಿ ಹತ್ತು ವರುಷವಾಗಿತ್ತು. ಜೂಲಿಯಸ್ ಸೀಸರನು ಕ್ರಿ.ಪೂ. 63ರಲ್ಲಿ ಪ್ರಧಾನ ಪುರೋಹಿತನ ಸ್ಥಾನಕ್ಕೆ ಚುನಾವಣೆಗೆ ನಿಂತನು. ಹೌದು, ಚುನಾವಣೆಗೆ! 35 ಪಂಗಡಗಳಲ್ಲಿ ಚೀಟಿ ಎತ್ತಿ ಆಯ್ದ 17 ಪಂಗಡಗಳು ಮತ ಹಾಕುತ್ತಿದ್ದವು. ಎಲ್ಲರೂ ಸೇರಿ ಮತ ಕೊಟ್ಟರೆ ದೈವದ ಅಧಿಕಾರವನ್ನು ಮನುಷ್ಯರೇ ಕೊಟ್ಟಂತಾದೀತೆಂಬ ಅಂಜಿಕೆಯಿಂದ ಅರ್ಧಕ್ಕಿಂತ ಕಡಿಮೆ ಪಂಗಡಗಳಿಗೆ ಮಾತ್ರ ಆ ಹಕ್ಕು. ಸೀಸರನು ಮೈತುಂಬ ಸಾಲ ಮಾಡಿಕೊಂಡಿದ್ದನು. ಗೆದ್ದರೆ ಮಾತ್ರ ಮನೆಗೆ ಮರಳುವೆನೆಂದು ತಾಯಿಗೆ ಹೇಳಿ ಹೊರಟನೆಂದು ಪ್ಲುಟಾರ್ಕನು ಬರೆದಿದ್ದಾನೆ. ಗೆದ್ದನು. ಮುಂದೆ ವರುಷಗಟ್ಟಲೆ ಗಾಲ್ ದೇಶದಲ್ಲಿ ಊರುಗಳನ್ನು ಸುಡುತ್ತಿದ್ದಾಗಲೂ ರೋಮಿನ ಪ್ರಧಾನ ಪುರೋಹಿತ ಅವನೇ.

ಹೀಗಿದ್ದ ಮೇಲೆ ದೈವವು ರಾಜಕೀಯದ ಆಯುಧವಾಗದೆ ಇರುವುದು ಹೇಗೆ? ಕ್ರಿ.ಪೂ. 59ರಲ್ಲಿ ಸೀಸರನ ಜೊತೆ ಕಾನ್ಸಲ್ ಆಗಿದ್ದ ಬಿಬುಲಸನು ಅವನನ್ನು ತಡೆಯಲಾರದೆ ಮನೆಯಲ್ಲಿ ಬಾಗಿಲಿಕ್ಕಿಕೊಂಡು ಕುಳಿತು, ತಾನು ಆಕಾಶವನ್ನು ನೋಡುತ್ತಿದ್ದೇನೆ, ಶಕುನ ಸರಿಯಿಲ್ಲ, ಸಭೆ ನಡೆಯಕೂಡದು ಎಂದು ಸಾರುತ್ತ ಹೋದನು. ಸೀಸರನು ಸಭೆ ನಡೆಸಿಯೇ ನಡೆಸಿದನು. ಇದು ಬಿಬುಲಸ್ ಮತ್ತು ಸೀಸರರ ವರುಷವಲ್ಲ, ಜೂಲಿಯಸ್ ಮತ್ತು ಸೀಸರರ ವರುಷ ಎಂದು ಊರಿನ ಜನ ನಕ್ಕರು. ನಮ್ಮ ಕಡೆ ಹಾಲಕ್ಕಿಯ ಶಕುನ ಕೇಳಿ ಪಯಣಕ್ಕೆ ಹೊರಡುತ್ತಿದ್ದ ಹಿರಿಯರು ಹಕ್ಕಿಯನ್ನು ನಂಬುತ್ತಿದ್ದರು. ಬಿಬುಲಸನು ಏನನ್ನಾದರೂ ನಂಬಿದ್ದನೇ ಎಂಬುದು ನನಗೆ ಸಂಶಯ.

ಆದರೂ ರೋಮ್ ಇನ್ನೊಂದು ಮಾದರಿಯನ್ನು ಅರಿಯದೆ ಇರಲಿಲ್ಲ. ಜೂಪಿಟರ್ ದೇವನ ಅರ್ಚಕನು ಕುದುರೆ ಏರಬಾರದು, ಕಬ್ಬಿಣ ಮುಟ್ಟಬಾರದು, ಸಜ್ಜಾಗಿ ನಿಂತ ಸೈನ್ಯವನ್ನು ಕಣ್ಣಿನಿಂದ ನೋಡಲೂ ಬಾರದು. ಬಾಳನ್ನೆಲ್ಲ ನಿಯಮಕ್ಕೆ ಒಪ್ಪಿಸಿಕೊಂಡ ಮನುಷ್ಯ ಅವನು. ಎಳೆಯ ಸೀಸರನನ್ನು ಮೊದಲು ಆಯ್ದದ್ದು ಈ ಹುದ್ದೆಗೇ. ರಾಜಕೀಯದ ಏರುಪೇರಿನಲ್ಲಿ ಅದು ತಪ್ಪಿಹೋಯಿತು. ತಪ್ಪದಿದ್ದರೆ ಗಾಲ್ ಯುದ್ಧವಿಲ್ಲ! ಆ ಬಳಿಕ ಎಪ್ಪತ್ತಕ್ಕೂ ಹೆಚ್ಚು ವರುಷ ಆ ಪೀಠ ಬರಿದಾಗಿಯೇ ಉಳಿಯಿತು. ಅಧಿಕಾರವನ್ನು ಬಿಟ್ಟುಕೊಡಬೇಕಾದ ಪೌರೋಹಿತ್ಯ ಆ ನಾಡಿಗೆ ಒಗ್ಗಲಿಲ್ಲ. ಕ್ರಿ.ಪೂ. 12ರಲ್ಲಿ ಆಗಸ್ಟಸನು ಪ್ರಧಾನ ಪುರೋಹಿತನಾದ ಮೇಲಂತೂ ಆ ಪದವಿ ಚಕ್ರವರ್ತಿಯ ಬಿರುದುಗಳ ಸಾಲಿನಲ್ಲಿ ಒಂದಾಗಿಹೋಯಿತು.

ಈ ಸಂಗತಿಗಳನ್ನು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲೂಕಿನ ಏಕಸಂಬಿಯಲ್ಲಿ ನಿಂತು ಯೋಚಿಸುವುದಕ್ಕೆ ಕಾರಣವುಂಟು. ಈ ಸೀಮೆಗೂ ರೋಮಿಗೂ ನಂಟು ತೀರ ಇಲ್ಲದಿಲ್ಲ. ಏಕಸಂಬಿಗೆ ದೂರವಲ್ಲದ ಕೊಲ್ಲಾಪುರದ ಬ್ರಹ್ಮಪುರಿ ದಿಬ್ಬದಲ್ಲಿ 1940ರ ದಶಕದಲ್ಲಿ ಸಮುದ್ರದೇವ ಪೊಸೈಡಾನನ ಒಂದು ಕಂಚಿನ ಪುಟ್ಟ ಮೂರ್ತಿ ದೊರೆಯಿತು. ಕೊಲ್ಲಾಪುರ ಸೀಮೆಯನ್ನಾಳಿದ ಶಿಲಾಹಾರರು ತಮ್ಮನ್ನು ತಗರಪುರದ ಒಡೆಯರೆಂದು ಕರೆದುಕೊಳ್ಳುತ್ತಿದ್ದರು. ಆ ತಗರದ ಹೆಸರು ಕ್ರಿಸ್ತಶಕದ ಮೊದಲ ಶತಮಾನದ ಗ್ರೀಕ್ ನಾವಿಕನೊಬ್ಬನ ಬರಹದಲ್ಲಿ ಬಟ್ಟೆಯ ಸಂತೆಯ ಊರಾಗಿ ಬರುತ್ತದೆ.

ಶಿಲಾಹಾರ ವಿಜಯಾದಿತ್ಯನ ಸೇನಾಪತಿ ಕಾಳಣನೆಂಬವನು ಏಕಸಂಬಿಯಲ್ಲಿ ನೇಮಿನಾಥನ ಬಸದಿಯನ್ನು ಕಟ್ಟಿಸಿದನು. 1165ರ ಶಾಸನ ಈ ಸಂಗತಿಯನ್ನು ಹೇಳುತ್ತದೆ. ಊರಿನ ಅಂದಿನ ಹೆಸರು ಎಕ್ಕಸಂಬುಗೆ. ನೆರೆಯ ರಾಜ್ಯದ ಅರಸ, ರಟ್ಟರ ಕಾರ್ತವೀರ್ಯನೂ ಈ ಬಸದಿಗೆ ಬಂದಿದ್ದನಂತೆ. ಏಕಸಂಬಿ ಇಂದಿನಂತೆ ಅಂದೂ ಗಡಿಯ ಊರು! ರೋಮಿನಲ್ಲಾಗಿದ್ದರೆ ಗುಡಿ ಕಟ್ಟಿಸಿದ ಸೇನಾಪತಿ ಸೆರಗನ್ನು ತಲೆಯ ಮೇಲೆಳೆದುಕೊಂಡು ತಾನೇ ಯಜ್ಞ ಮಾಡುತ್ತಿದ್ದನು. ಕಾಳಣನು ಬಸದಿಯನ್ನು ಯಾಪನೀಯ ಸಂಘದ ಪುನ್ನಾಗವೃಕ್ಷಮೂಲಗಣದ ವಿಜಯಕೀರ್ತಿಗೆ ಒಪ್ಪಿಸಿದನು.

ವಿಜಯಕೀರ್ತಿಯ ಬಿರುದನ್ನು ಗಮನಿಸಬೇಕು: ಮಹಾಮಂಡಲಾಚಾರ್ಯ. ವಿಜಯಾದಿತ್ಯನ ಬಿರುದು ಮಹಾಮಂಡಲೇಶ್ವರ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಎರಡು ಶಬ್ದಗಳಿವು. ಮಂಡಲ ಅರಸನಿಗೂ ಉಂಟು, ಯತಿಗೂ ಉಂಟು. ಆದರೆ ಇಬ್ಬರೂ ಒಬ್ಬನೇ ಅಲ್ಲ. ನಮ್ಮ ದಾನಶಾಸನಗಳಲ್ಲಿ ‘ಕಾಲಂ ಕರ್ಚಿ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಭೂಮಿಯನ್ನು ಕೊಡುವ ಅರಸನೋ ದಂಡನಾಯಕನೋ ಆಚಾರ್ಯನ ಕಾಲು ತೊಳೆದು, ನೀರೆರೆದು ಕೊಡುತ್ತಾನೆ. ಆ ನೀರು ನೆಲಕ್ಕೆ ಬಿದ್ದ ಕ್ಷಣದಲ್ಲಿ ಕತ್ತಿ ಹಿಡಿದ ಕೈ ಬಾಗಿರುತ್ತದೆ. ರೋಮಿನ ಯಾವ ನಾಣ್ಯದ ಮೇಲೂ ಇಂಥ ಚಿತ್ರವನ್ನು ನಾನು ಕಂಡಿಲ್ಲ. ಬಾಗಿದವನಿಗೂ ಇದರಿಂದ ಲಾಭವಿತ್ತೆಂಬುದನ್ನು ಮರೆಯಬೇಕಾಗಿಲ್ಲ. ಬಸದಿಯ ಭೂಮಿ, ಬಸದಿಯ ಕೀರ್ತಿ, ಕೊಟ್ಟವನ ಹೆಸರು, ಎಲ್ಲವೂ ಒಂದೇ ಕಲ್ಲಿನ ಮೇಲೆ ಉಳಿಯುತ್ತವೆ.

ಯಾಪನೀಯರೂ ವಿಶಿಷ್ಟರು. ದಿಗಂಬರರಂತೆ ನಗ್ನರಾಗಿದ್ದು, ಶ್ವೇತಾಂಬರರಂತೆ ಸ್ತ್ರೀಯರಿಗೂ ಅದೇ ಜನ್ಮದಲ್ಲಿ ಮೋಕ್ಷವುಂಟೆಂದು ಒಪ್ಪಿದವರು. ಕಾಲಕ್ರಮದಲ್ಲಿ ಆ ಸಂಘ ಅಳಿದುಹೋಯಿತು. ಅಲ್ಲಲ್ಲಿ ಚೆದರಿದ ಶಾಸನಗಳಿಂದ ಅವರ ಗುರುಪರಂಪರೆಯ ಹೆಸರುಗಳನ್ನು ಆಯ್ದು ಲೋಕದ ಮುಂದಿಟ್ಟ ವಿದ್ವಾಂಸರಲ್ಲಿ ಡಾ. ಆ.ನೇ. ಉಪಾಧ್ಯೆಯವರು ಪ್ರಮುಖರು. ಅವರು ಹುಟ್ಟಿದ್ದು 1906ರಲ್ಲಿ, ಏಕಸಂಬಿಯ ನೆರೆಯ ಸದಲಗೆಯಲ್ಲಿ. 1967ರಲ್ಲಿ ಶ್ರವಣಬೆಳಗೊಳದಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರೂ ಅವರೇ.

ರೋಮಿನಲ್ಲಿ ಬೆರಕೆ, ನಮ್ಮಲ್ಲಿ ಬೇರ್ಪಾಡು ಎಂದು ಇಷ್ಟಕ್ಕೇ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅದೇ ರಟ್ಟರ ನಾಡಿನ ಸವದತ್ತಿಯಲ್ಲಿ 1228ರ ಒಂದು ಶಾಸನವಿದೆ. ಅದರಲ್ಲಿ ಮುನಿಚಂದ್ರನೆಂಬ ಗುರು ಬರುತ್ತಾನೆ. ಅವನು ರಾಜಗುರು, ಶಾಸ್ತ್ರದಲ್ಲಿಯಂತೆ ಶಸ್ತ್ರದಲ್ಲಿಯೂ ನಿಪುಣ, ಎರಡನೆಯ ಲಕ್ಷ್ಮೀದೇವನ ರಾಜಕಾರ್ಯವನ್ನು ನಡೆಸಿದವನು, ಶತ್ರುಗಳನ್ನು ಗೆದ್ದು ರಟ್ಟರಾಜ್ಯವನ್ನು ನೆಲೆಗೊಳಿಸಿದ ಆಚಾರ್ಯ. ಕಾಲು ತೊಳೆಸಿಕೊಳ್ಳಬೇಕಾದವನೇ ಕತ್ತಿಯನ್ನೂ ಹಿಡಿದನು. ಸೀಸರನು ರಾಜಕೀಯದಿಂದ ಪೌರೋಹಿತ್ಯಕ್ಕೆ ಹತ್ತಿದರೆ ಮುನಿಚಂದ್ರನು ಗುರುಪೀಠದಿಂದ ರಾಜಕೀಯಕ್ಕೆ ಇಳಿದನು. ದಾರಿ ಬೇರೆ, ಸೇರಿದ ಠಾವು ಒಂದೇ.

ಶಾಸನಕವಿ ಇದಕ್ಕಾಗಿ ನಾಚಿಕೊಳ್ಳುವುದಿಲ್ಲ, ಸಮಾಧಾನ ಹೇಳುವುದೂ ಇಲ್ಲ, ಹೊಗಳುತ್ತಾನೆ. ರಟ್ಟರಾಜ್ಯ ಆಗ ಯಾದವರ ಒತ್ತಡದಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿತ್ತು. ಲಕ್ಷ್ಮೀದೇವನ ಬಳಿಕ ಆ ವಂಶದವರು ಅರಸರಾಗಿ ಉಳಿಯಲಿಲ್ಲ.

‘ಪಾಂಟಿಫೆಕ್ಸ್’ ಎಂಬ ಶಬ್ದಕ್ಕೆ ಸೇತುವೆ ಕಟ್ಟುವವನು ಎಂಬುದು ಮೂಲಾರ್ಥವೆಂದು ಸಾಮಾನ್ಯವಾಗಿ ಹೇಳುತ್ತಾರೆ. ನಾಲ್ಕನೆಯ ಶತಮಾನದ ಕೊನೆಯ ಭಾಗದಲ್ಲಿ ಚಕ್ರವರ್ತಿ ಗ್ರೇಶಿಯನ್ನನು ಆ ಬಿರುದನ್ನು ಬಿಟ್ಟನು. ಮುಂದೆ ಅದು ಪೋಪರ ಹೆಸರಿನ ಜೊತೆಗೆ ಸೇರಿತು. ಮಳೆಗಾಲದಲ್ಲಿ ದೂಧಗಂಗೆ-ವೇದಗಂಗೆಗಳ ತಗ್ಗು ಸೇತುವೆಗಳು ಮುಳುಗಿ, ಆಚೆಯ ದಂಡೆಗೆ ಹೋಗಲಾರದೆ ನಿಂತ ನಮ್ಮ ಸೀಮೆಯ ಜನರಿಗೆ, ಸೇತುವೆ ಕಟ್ಟುವವನನ್ನು ಒಂದು ಕಾಲದ ಜನ ದೇವರ ಮನುಷ್ಯನೆಂದು ಏಕೆ ಕರೆದರೆಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.