ಕಲಬುರಗಿಯ ದವಾಖಾನೆಗಳೂ ರೋಗಸಂಶೋಧನವೂ

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳ ಜನರಿಗೆ ದೊಡ್ಡ ಜಡ್ಡು ಬಂದರೆ ಕೊನೆಗೆ ನೆನಪಾಗುವ ಊರು ಕಲಬುರಗಿ. ಹಳ್ಳಿಯ ಆರೋಗ್ಯಕೇಂದ್ರದಲ್ಲಿ ನೀಗದ್ದು ತಾಲೂಕಿನ ದವಾಖಾನೆಗೆ, ಅಲ್ಲಿಯೂ ನೀಗದ್ದು ಜಿಲ್ಲೆಯ ದವಾಖಾನೆಗೆ ಬರುವದು. ಗಡಿಯ ಹಳ್ಳಿಗಳವರು ಕೆಲವರು ಸೊಲ್ಲಾಪುರದ ದಾರಿ ಹಿಡಿಯುವರು. ಕೈಯಲ್ಲಿ ನಾಲ್ಕು ಕಾಸು ಉಳ್ಳವರು ಹೈದರಾಬಾದಿಗೆ ಹೋಗುವರು. ಉಳಿದ ಬಡವರು ಕಲಬುರಗಿಯ ಬೋಧಕ ದವಾಖಾನೆಗಳ ಬಾಗಿಲಲ್ಲಿ ಸಾಲಾಗಿ ನಿಲ್ಲುವರು. ಅವರ ನಾಡಿಯನ್ನು ಹಿಡಿದು, ಅವರ ಎದೆಯ ಸಪ್ಪಳವನ್ನು ಕೇಳಿ ನಮ್ಮ ತರುಣರು ವೈದ್ಯರಾಗುವರು. ರೋಗಿಯು ವಿದ್ಯಾರ್ಥಿಗೆ ಇಷ್ಟು ದೊಡ್ಡ ದಾನವನ್ನು ಮಾಡುತ್ತಿರುವನು. ಅದಕ್ಕೆ ಪ್ರತಿಯಾಗಿ ಅವನಿಗೆ ಸಲ್ಲಬೇಕಾದದ್ದು ಒಂದು ಚೀಟಿ ಔಷಧ ಮಾತ್ರವೇ? ಅವನ ಊರಿನ, ಅವನ ಹೊಲದ, ಅವನ ಊಟದ ರೋಗಗಳ ವಿಷಯವಾಗಿ ಹೊಸ ತಿಳಿವಳಿಕೆಯೂ ಅವನಿಗೆ ಸಲ್ಲಬೇಕೆಂಬದೇ ನಮ್ಮ ಅಭಿಪ್ರಾಯ. ಆ ಅಭಿಪ್ರಾಯವನ್ನು ಇಂದು ವಾಚಕರ ಮುಂದಿಡುತ್ತೇವೆ.

ವೈದ್ಯಕ ಸಂಶೋಧನವೆಂದರೆ ಪರದೇಶದ ವಿದ್ವಾಂಸರು ಬೆಲೆಬಾಳುವ ಯಂತ್ರಗಳ ನಡುವೆ ಕುಳಿತು ಮಾಡುವ ಕೆಲಸವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದು ಅರ್ಧ ಸತ್ಯ. ಸಂಶೋಧನವು ಎರಡು ಕಾಲುಗಳ ಮೇಲೆ ನಡೆಯುವದು. ಪ್ರಯೋಗಶಾಲೆಯಲ್ಲಿ ಪ್ರಾಣಿಗಳ ಮೇಲೆ, ರಕ್ತ ಮಾಂಸಗಳ ಮೇಲೆ ಮಾಡುವ ಪರೀಕ್ಷೆ ಒಂದು ಕಾಲು. ಹಾಸಿಗೆಯ ಬಳಿ ನಿಂತು ರೋಗಿಯನ್ನು ಗಮನಿಸಿ, ಎಣಿಸಿ, ಒಂದು ಚಿಕಿತ್ಸೆಯನ್ನು ಇನ್ನೊಂದರೊಡನೆ ಹೋಲಿಸಿ ನೋಡುವದು ಮತ್ತೊಂದು. ಒಂದೇ ಕಾಲಿನ ಮೇಲೆ ನಡೆದರೆ ಎಡವುವದು ನಿಶ್ಚಯ. ಇದಕ್ಕೆ ನಮ್ಮ ದಖ್ಖಣದಲ್ಲಿಯೇ ನಿದರ್ಶನ ಉಂಟು. ಕಲಬುರಗಿಯು ನಿಜಾಮರ ರಾಜ್ಯದಲ್ಲಿದ್ದ ಕಾಲ. 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ ನಿಜಾಮರ ಬೊಕ್ಕಸದ ಹಣದಿಂದ ಕ್ಲೋರೋಫಾರ್ಮ್ ಆಯೋಗಗಳು ನಡೆದವು. ಅಲ್ಲಿಯ ವೈದ್ಯಶಾಲೆಯ ಮುಖ್ಯಸ್ಥ ಎಡ್ವರ್ಡ್ ಲಾರಿಯವರೂ ಅವರ ಸಂಗಡಿಗರೂ ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ, ಕ್ಲೋರೋಫಾರ್ಮಿನಿಂದ ಮೊದಲು ನಿಲ್ಲುವದು ಉಸಿರು, ಹೃದಯವಲ್ಲ. ಉಸಿರನ್ನು ಕಾದರೆ ಅಪಾಯವಿಲ್ಲ ಎಂದು ಸಾರಿದರು. ಆದರೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಹೃದಯವು ಥಟ್ಟನೆ ನಿಂತು ರೋಗಿಗಳು ಸಾಯುವದನ್ನು ವೈದ್ಯರು ಕಾಣುತ್ತಲೇ ಇದ್ದರು. ಹಾಸಿಗೆಯ ಬಳಿಯ ಆ ಅನುಭವವೇ ನಿಜವೆಂದು 1911ರಲ್ಲಿ ಲೆವಿ ಎಂಬವರು ಬೇರೆ ಪ್ರಯೋಗಗಳಿಂದ ತೋರಿಸಿದರು.

ಇನ್ನೊಂದು ಸಂಗತಿಯು ಇದಕ್ಕಿಂತ ಪ್ರಸಿದ್ಧವಾದದ್ದು. 1897ನೆಯ ಅಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯದ ಜೀವಾಣುವನ್ನು ಕಂಡರು. ಆ ಸೊಳ್ಳೆಗಳಿಗೆ ರಕ್ತವನ್ನು ಕೊಟ್ಟವನು ಹುಸೇನ್ ಖಾನ್ ಎಂಬ ರೋಗಿ. ಕಚ್ಚಿಸಿಕೊಂಡ ಒಂದೊಂದು ಸೊಳ್ಳೆಗೆ ಅವನಿಗೆ ಒಂದೊಂದು ಆಣೆ ಸಿಕ್ಕಿತು. ರಾಸ್ ಅವರಿಗೆ 1902ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಜಗತ್ತಿಗೆ ಉಪಕಾರವಾದ ಕೆಲಸದಲ್ಲಿ ರೋಗಿಯ ಪಾಲು ಎಷ್ಟು, ಅವನ ಮಾನ ಎಷ್ಟು ಎಂಬ ಪ್ರಶ್ನೆಯು ಅಂದಿನಿಂದಲೂ ನಮ್ಮ ಬಾಗಿಲಲ್ಲಿ ನಿಂತಿದೆ. ಅದಕ್ಕೆ ಮುಂದೆ ಬರುವೆವು.

ನಮ್ಮ ಮೂರು ತಾಲೂಕುಗಳಿಗೆ ಇನ್ನೂ ಹತ್ತಿರದ ವಿಷಯವನ್ನು ನೋಡೋಣ. ಇದು ಜೋಳದ ಸೀಮೆ. ರೊಟ್ಟಿಯೇ ನಮ್ಮ ಜನರ ಬಲ. ಆದರೆ ಜೋಳವನ್ನು ಬಿಟ್ಟು ಬೇರೇನೂ ಕಾಣದ ಬಡವರಲ್ಲಿ ಪೆಲಾಗ್ರ ಎಂಬ ರೋಗವು ದಖ್ಖಣದಲ್ಲಿ ಒಂದು ಕಾಲಕ್ಕೆ ಬಹಳ ಕಾಣುತ್ತಿತ್ತು. ಬಿಸಿಲು ತಾಗಿದ ಚರ್ಮವು ಕಪ್ಪಾಗಿ ಸುಲಿಯುವದು, ಹೊಟ್ಟೆ ಕೆಡುವದು, ಕೊನೆಗೆ ಬುದ್ಧಿ ಕದಡುವದು ಇದರ ಲಕ್ಷಣಗಳು. ಮೆಕ್ಕೆಜೋಳವನ್ನೇ ತಿನ್ನುವ ಪಶ್ಚಿಮದ ಬಡವರಲ್ಲಿ ಈ ರೋಗವಿದ್ದದ್ದು ಎಲ್ಲರಿಗೂ ತಿಳಿದ ಮಾತಾಗಿತ್ತು. ನಮ್ಮ ಜೋಳದವರಿಗೆ ಏಕೆ ಬರಬೇಕೆಂಬದು ಯಾರಿಗೂ ಹೊಳೆದಿರಲಿಲ್ಲ. 1958ರಲ್ಲಿ ಕೂನೂರಿನಿಂದ ಹೈದರಾಬಾದಿಗೆ ಬಂದ ಪೋಷಣ ಸಂಶೋಧನ ಶಾಲೆಯ ಡಾ. ಸಿ. ಗೋಪಾಲನ್, ಡಾ. ಎಸ್. ಜಿ. ಶ್ರೀಕಂಟಯ್ಯ ಇವರು ಹೈದರಾಬಾದಿನ ದವಾಖಾನೆಗಳಿಗೆ ಬರುತ್ತಿದ್ದ ಇಂಥ ರೋಗಿಗಳನ್ನು ಕಂಡು, ಅವರು ಉಣ್ಣುವದೇನೆಂದು ವಿಚಾರಿಸಿ, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶವು ದೇಹದಲ್ಲಿ ನಯಾಸಿನ್ ಎಂಬ ಜೀವಸತ್ವದ ವ್ಯವಹಾರವನ್ನು ಕೆಡಿಸುವದೆಂಬ ಊಹೆಯನ್ನು 1960ರಲ್ಲಿ ಪ್ರಕಟಿಸಿದರು. ಮುಂದೆ ನಾಯಿಗಳಿಗೆ ಲ್ಯೂಸಿನ್ ತಿನ್ನಿಸಿಯೂ ಅದನ್ನು ಪರೀಕ್ಷಿಸಿದರು. ಬೇರೆ ದೇಶದ ಪ್ರಯೋಗಶಾಲೆಗಳು ಈ ಊಹೆಯನ್ನು ಪ್ರಶ್ನಿಸಿದವು. ವಾದವು ಬಹುಕಾಲ ನಡೆಯಿತು. ಅದರಿಂದೇನು? ಬಡವನ ತಾಟಿನಲ್ಲಿಯ ರೊಟ್ಟಿಯು ಜಗತ್ತಿನ ಶಾಸ್ತ್ರಜ್ಞರ ಚರ್ಚೆಗೆ ವಿಷಯವಾಯಿತು. ಊಟದಲ್ಲಿ ಬೇಳೆ, ಹಾಲು, ಕಾಯಿಪಲ್ಯಗಳು ಸೇರಬೇಕೆಂಬ ಮಾತಿಗೆ ಶಾಸ್ತ್ರದ ಬಲ ಬಂದಿತು. ಊಟವು ಸುಧಾರಿಸಿದಂತೆ ಆ ರೋಗವೂ ವಿರಳವಾಯಿತು.

ಇದು ಹೈದರಾಬಾದಿನ ಮಾತು, ದೊಡ್ಡ ಊರಿನ ಮಾತು ಎಂದು ಯಾರಾದರೂ ಹೇಳಬಹುದು. ಹಾಗಾದರೆ ಬೆಳಗಾವಿಯ ಕಡೆಗೆ ನೋಡಲಿ. ಬೆಳಗಾವಿಯ ಜವಾಹರಲಾಲ ನೆಹರೂ ವೈದ್ಯಕ ಮಹಾವಿದ್ಯಾಲಯವೂ ಕಲಬುರಗಿಯ ಮಹಾದೇವಪ್ಪ ರಾಂಪುರೆ ವೈದ್ಯಕ ಮಹಾವಿದ್ಯಾಲಯವೂ ಒಂದೇ ವರ್ಷ, 1963ರಲ್ಲಿ ಹುಟ್ಟಿದ ಸಂಸ್ಥೆಗಳು. ಹೆರಿಗೆಯಾದ ಕೂಡಲೆ ವಿಪರೀತ ರಕ್ತಸ್ರಾವವಾಗಿ ಬಾಣಂತಿಯರು ಸಾಯುವದು ನಮ್ಮ ಹಳ್ಳಿಗಳ ಹಳೆಯ ಶಾಪ. ಅದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿ ಇಡಬೇಕು, ಚುಚ್ಚಲು ಬಲ್ಲವರು ಬೇಕು. ಬಾಯಿಂದ ನುಂಗುವ ಮಿಸೊಪ್ರೊಸ್ಟಾಲ್ ಗುಳಿಗೆಯು ಆ ಕೆಲಸವನ್ನು ಮಾಡೀತೇ ಎಂದು ಬೆಳಗಾವಿಯ ಆ ಮಹಾವಿದ್ಯಾಲಯದವರು ಅಮೇರಿಕದ ವಿದ್ವಾಂಸರೊಡಗೂಡಿ ಪರೀಕ್ಷಿಸಿದರು. 2002ರಿಂದ 2005ರ ವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1620 ಗರ್ಭಿಣಿಯರು ಅದರಲ್ಲಿ ಸೇರಿದರು. ಅರ್ಧದಷ್ಟು ಜನರಿಗೆ ಗುಳಿಗೆ, ಉಳಿದವರಿಗೆ ಔಷಧವಿಲ್ಲದ ಹುಸಿಗುಳಿಗೆ. ಕೊಟ್ಟವರು ಪಟ್ಟಣದ ತಜ್ಞರಲ್ಲ, ಹಳ್ಳಿಯ ದಾದಿಯರು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲವು ಪ್ರಕಟವಾಯಿತು. ಹುಸಿಗುಳಿಗೆಯವರಲ್ಲಿ ನೂರಕ್ಕೆ 12ರಷ್ಟಿದ್ದ ರಕ್ತಸ್ರಾವವು ಔಷಧ ತಕ್ಕೊಂಡವರಲ್ಲಿ 6.4ಕ್ಕೆ ಇಳಿದಿತ್ತು, ಹದಿನೆಂಟು ಬಾಣಂತಿಯರಿಗೆ ಗುಳಿಗೆ ಕೊಟ್ಟರೆ ಒಬ್ಬಳ ರಕ್ತಸ್ರಾವವು ತಪ್ಪುವದೆಂಬ ಲೆಕ್ಕ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತನ್ನ ಅವಶ್ಯ ಔಷಧಗಳ ಪಟ್ಟಿಯಲ್ಲಿ ಈ ಕೆಲಸಕ್ಕಾಗಿ ಆ ಗುಳಿಗೆಯನ್ನು ಸೇರಿಸಿತು. ಕನ್ನಡದ ಹಳ್ಳಿಯ ಹೆಣ್ಣುಮಕ್ಕಳು ಕೊಟ್ಟ ಸಾಕ್ಷಿಯು ಆಫ್ರಿಕದ ಹಳ್ಳಿಯ ಹೆಣ್ಣುಮಕ್ಕಳಿಗೂ ಉಪಯೋಗಕ್ಕೆ ಬಂದಿತೆಂದರೆ ಅದು ಸಾಮಾನ್ಯವಾದ ಮಾತಲ್ಲ.

ಕಲಬುರಗಿಯಲ್ಲಿ ಸಂಶೋಧನವೇ ನಡೆಯುವದಿಲ್ಲವೆಂದು ನಾವು ಹೇಳುವದಿಲ್ಲ. ಹಾಗೆ ಹೇಳಿದರೆ ಅನ್ಯಾಯವಾದೀತು. ಇಂದು ಈ ಒಂದೇ ನಗರದಲ್ಲಿ ರಾಂಪುರೆ ಮಹಾವಿದ್ಯಾಲಯವಲ್ಲದೆ ಸರಕಾರದ ವೈದ್ಯಕ ವಿಜ್ಞಾನ ಸಂಸ್ಥೆ, ಖಾಜಾ ಬಂದೇನವಾಜ ಸಂಸ್ಥೆ, ಕಾರ್ಮಿಕರ ವಿಮಾ ನಿಗಮದ ಮಹಾವಿದ್ಯಾಲಯ, ಹೀಗೆ ನಾಲ್ಕು ಬೋಧಕ ದವಾಖಾನೆಗಳಿವೆ. ಸ್ನಾತಕೋತ್ತರ ಪದವಿಗೆ ಓದುವ ಪ್ರತಿಯೊಬ್ಬ ವೈದ್ಯನೂ ಒಂದು ಪ್ರಬಂಧವನ್ನು ಬರೆಯಲೇಬೇಕು. ಆದರೆ ಒಬ್ಬನು ಒಂದು ವಿಷಯವನ್ನು ಎರಡು ವರ್ಷ ಅಭ್ಯಸಿಸಿ ಪದವಿ ಪಡೆದು ಹೋಗುವನು. ಮುಂದಿನವನು ಬೇರೊಂದು ವಿಷಯವನ್ನು ಎತ್ತಿಕೊಳ್ಳುವನು. ಪ್ರಬಂಧಗಳು ಗ್ರಂಥಾಲಯದ ಕಪಾಟು ಸೇರುವವು. ಆಳಂದದ ಆರೋಗ್ಯಾಧಿಕಾರಿಗೆ ಅವುಗಳಿಂದ ಒಂದು ಸಾಲೂ ತಲುಪುವದಿಲ್ಲ. ಒಂದೇ ಪ್ರಶ್ನೆಯನ್ನು ಹತ್ತು ವರ್ಷ, ಹತ್ತು ವಿದ್ಯಾರ್ಥಿಗಳ ಕೈಯಿಂದ ನಡೆಯಿಸಿದರೆ ಅದು ನಾಡಿನ ಆಸ್ತಿಯಾಗುವದು.

ಅಂಥ ಪ್ರಶ್ನೆಗಳಿಗೆ ಇಲ್ಲಿ ಬರವಿಲ್ಲ. ಭೀಮೆಯ ದಂಡೆಯ ಅಫಜಲಪುರ, ಜೇವರ್ಗಿಗಳ ಹೊಲಗಳಲ್ಲಿ ಮಳೆಗಾಲಕ್ಕೆ ಹಾವಿನ ಭಯ ಯಾವ ರೈತನಿಗೆ ತಿಳಿಯದು? ಹಾವು ಕಚ್ಚಿ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನರು ಸಾಯುತ್ತಿರುವರೆಂದು 2020ರಲ್ಲಿ ಪ್ರಕಟವಾದ ಗಣನೆಯು ಹೇಳುವದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ನಮ್ಮಲ್ಲಿ ಒಂದೇ ಪ್ರತಿವಿಷ. ಅದಕ್ಕೆ ಬೇಕಾದ ವಿಷದ ಬಹುಭಾಗವು ತಮಿಳುನಾಡಿನ ಇರುಳರ ಸಹಕಾರಿ ಸಂಘದಿಂದ ಬರುತ್ತಿದ್ದಿತು. ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ಬೇರೆಯಾಗಿರುವದೆಂದೂ, ಪ್ರತಿವಿಷವು ಎಲ್ಲೆಡೆ ಸಮನಾಗಿ ಕೆಲಸ ಮಾಡದೆಂದೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ತೋರಿಸಿದ್ದಾರೆ. ಹಾಗಾದರೆ ಭೀಮೆಯ ದಂಡೆಯ ಮಂಡಲದ ವಿಷಕ್ಕೆ ಎಷ್ಟು ಪ್ರತಿವಿಷ ಬೇಕು, ಎಷ್ಟು ಹೊತ್ತಿನೊಳಗೆ ಬೇಕು? ಕರ್ನಾಟಕ ಸರಕಾರವು 2024ರಲ್ಲಿ ಹಾವುಕಡಿತವನ್ನು ಕಡ್ಡಾಯವಾಗಿ ವರದಿಮಾಡತಕ್ಕ ಸಂಗತಿಯೆಂದು ಗೊತ್ತುಮಾಡಿತು. ವರದಿಯನ್ನು ಬೆಂಗಳೂರಿಗೆ ಕಳಿಸಿ ಸುಮ್ಮನಿರದೆ, ಅದರಿಂದಲೇ ಕಲಬುರಗಿಯವರು ಈ ಪ್ರಶ್ನೆಗೆ ಉತ್ತರ ಹುಡುಕಬಹುದು.

ತೊಗರಿ, ಹತ್ತಿಗಳ ಹೊಲಕ್ಕೆ ಹೊಡೆಯುವ ಕೀಟನಾಶಕದ ವಿಷಬಾಧೆಯೂ ಹೀಗೆಯೇ. ಸಿಂಪಡಿಸುವಾಗ ಮೈಗೆ ತಗಲಿದವರೂ ದುಃಖದ ಭರದಲ್ಲಿ ಕುಡಿದವರೂ ದವಾಖಾನೆಗೆ ಬರುವರು. ಪ್ರಾಲಿಡಾಕ್ಸಿಮ್ ಎಂಬ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ಎಡೆಬಿಡದೆ ಕೊಟ್ಟರೆ ಗುಣವುಂಟೆಂದು ಪುಣೆ ಜಿಲ್ಲೆಯ ಬಾರಾಮತಿಯಲ್ಲಿ 200 ರೋಗಿಗಳ ಮೇಲೆ ನಡೆದ ಪರೀಕ್ಷೆಯು 2006ರಲ್ಲಿ ಹೇಳಿತು. ಗುಣವಿಲ್ಲವೆಂದು ಶ್ರೀಲಂಕೆಯ ಪರೀಕ್ಷೆಯು 2009ರಲ್ಲಿ ಹೇಳಿತು. ಬಾರಾಮತಿಯಂಥ ಊರಿನಿಂದ ಜಗತ್ತು ಕಿವಿಗೊಡುವ ಉತ್ತರ ಬರುವದಾದರೆ ಕಲಬುರಗಿಯಿಂದ ಏಕೆ ಬರಬಾರದು?

ಸಂಶೋಧನದ ಸಾಧನಗಳು ಮನೆಯ ಹತ್ತಿರ ಇಲ್ಲದಿದ್ದರೆ ಏನಾಗುವದೆಂಬದನ್ನು ಈ ಜಿಲ್ಲೆಯು ಅನುಭವಿಸಿದೆ. ಭಾರತದಲ್ಲಿ ಕೊರೊನಾದಿಂದಾದ ಮೊದಲನೆಯ ಮರಣವೆಂದು ದಾಖಲಾದದ್ದು ಕಲಬುರಗಿಯದು. 2020ರ ಮಾರ್ಚ್ 10ರಂದು 76 ವರ್ಷದ ವೃದ್ಧರೊಬ್ಬರು ತೀರಿಕೊಂಡರು. ಅವರ ಗಂಟಲಿನ ದ್ರವವು ಪರೀಕ್ಷೆಗಾಗಿ ಬೆಂಗಳೂರಿಗೆ ಹೋಗಬೇಕಾಯಿತು. ರೋಗಿಯು ಹೈದರಾಬಾದಿಗೆ ಹೋಗಿ ಹಿಂತಿರುಗಬೇಕಾಯಿತು. ರೋಗವು ಇಂಥದೆಂದು ಖಚಿತವಾದದ್ದು ಸತ್ತ ಎರಡು ದಿನದ ಮೇಲೆ. ಕಲಬುರಗಿಯಲ್ಲಿಯೇ ಆ ಪರೀಕ್ಷೆಯ ವ್ಯವಸ್ಥೆಯಾದದ್ದು ತರುವಾಯ. ಮನಸ್ಸು ಮಾಡಿದರೆ ಆಗುವ ಕೆಲಸವೆಂಬದೂ ಇದರಿಂದಲೇ ಸಿದ್ಧವಾಯಿತು. ಅದನ್ನು ಮಾಡಲು ಒಂದು ಜೀವ ಹೋಗುವ ತನಕ ಕಾಯಬೇಕೆ?

ಇನ್ನು ರೋಗಿಯ ಮಾನದ ಪ್ರಶ್ನೆ. ನಮ್ಮ ಜನರಲ್ಲಿ ಸಂಶೋಧನವೆಂದರೆ ಒಂದು ಅಂಜಿಕೆಯಿದೆ. "ನಮ್ಮ ಮ್ಯಾಲೆ ಪ್ರಯೋಗ ಮಾಡ್ತಾರೇನ್ರಿ?" ಎಂದು ಕೇಳುವ ರೈತನನ್ನು ಅಜ್ಞಾನಿಯೆಂದು ತಳ್ಳಿಬಿಡುವದು ಸುಲಭ. ಆದರೆ ಅವನ ಅಂಜಿಕೆಗೆ ಕಾರಣವಿಲ್ಲದಿಲ್ಲ. ಅಂದಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ 2009ರಲ್ಲಿ ಸಾವಿರಾರು ಬಾಲಿಕೆಯರಿಗೆ ಗರ್ಭಕಂಠದ ಕ್ಯಾನ್ಸರನ್ನು ತಡೆಯುವ ಲಸಿಕೆಯನ್ನು ಹಾಕುವ ಒಂದು ಅಧ್ಯಯನವು ನಡೆಯಿತು. ಅನೇಕ ಮಕ್ಕಳ ಪರವಾಗಿ ತಾಯಿತಂದೆಗಳ ಬದಲು ವಸತಿಗೃಹಗಳ ಮೇಲ್ವಿಚಾರಕರೇ ಸಹಿಮಾಡಿದ್ದರು. 2010ರಲ್ಲಿ ಅಧ್ಯಯನವನ್ನು ನಿಲ್ಲಿಸಲಾಯಿತು. 2013ರಲ್ಲಿ ಸಂಸತ್ತಿನ ಸಮಿತಿಯು ಕಟುವಾಗಿ ಟೀಕಿಸಿತು. ಅಲ್ಲಿಯ ಕೆಲವು ಮರಣಗಳಿಗೆ ಲಸಿಕೆಯೇ ಕಾರಣವೆಂದು ತನಿಖೆಯಲ್ಲಿ ಸಿದ್ಧವಾಗಲಿಲ್ಲವೆಂಬದನ್ನೂ ಹೇಳಬೇಕು. ಆದರೆ ಕೇಳದೆ ಮಾಡಿದ ಉಪಕಾರವೂ ಅಪಕಾರವಾಗಿಯೇ ಕಾಣುವದು.

ಈಗ ಕಾಯದೆ ಇದೆ. 2019ರ ಔಷಧ ಪರೀಕ್ಷೆಗಳ ನಿಯಮಗಳಂತೆ ನೈತಿಕ ಸಮಿತಿಯಲ್ಲಿ ಏಳು ಜನರಿಗೆ ಕಡಿಮೆ ಇರಕೂಡದು; ಅರ್ಧದಷ್ಟು ಸದಸ್ಯರಾದರೂ ಸಂಸ್ಥೆಯ ಹೊರಗಿನವರಿರಬೇಕು; ಸಾಮಾನ್ಯ ನಾಗರಿಕನೊಬ್ಬನಿರಬೇಕು. ಓದು ಬಾರದ ರೋಗಿಯ ಸಮ್ಮತಿಗೆ ನಿಷ್ಪಕ್ಷಪಾತಿಯಾದ ಸಾಕ್ಷಿ ಬೇಕು. ಪರೀಕ್ಷೆಯಿಂದ ಕೇಡಾದರೆ ಪರಿಹಾರ ಕೊಡಬೇಕು. ನಿಯಮವು ಚೆನ್ನಾಗಿದೆ. ಆದರೆ ಆ ಸಾಮಾನ್ಯ ನಾಗರಿಕನು ನಗರದ ಗಣ್ಯನೇ ಆಗಬೇಕೆಂದೇನೂ ಇಲ್ಲ. ಜೇವರ್ಗಿಯ ಒಬ್ಬ ಶಾಲಾ ಮಾಸ್ತರನೋ ಅಫಜಲಪುರದ ಒಬ್ಬ ಆಶಾ ಕಾರ್ಯಕರ್ತೆಯೋ ಅಲ್ಲಿ ಕುಳಿತರೆ, ಸಮ್ಮತಿಪತ್ರದ ಕನ್ನಡವು ರೋಗಿಗೆ ತಿಳಿಯುವ ಕನ್ನಡವೋ ಅಲ್ಲವೋ ಎಂಬದು ಕೂಡಲೆ ಗೊತ್ತಾಗುವದು. ಉರ್ದು ಬಲ್ಲವರಿಗೆ ಉರ್ದುವಿನಲ್ಲಿಯೂ, ಗಡಿಯವರಿಗೆ ಮರಾಠಿಯಲ್ಲಿಯೂ, ಲಂಬಾಣಿ ತಾಂಡಾದವರಿಗೆ ಅವರ ಮಾತಿನಲ್ಲಿಯೂ ಬಾಯಿಬಿಟ್ಟು ಹೇಳಬೇಕು. ಒಲ್ಲೆನೆಂದವನಿಗೆ ಚಿಕಿತ್ಸೆಯಲ್ಲಿ ಎಳ್ಳಷ್ಟೂ ಕೊರತೆಯಾಗಬಾರದು.

ಹಣದ ಮಾತು ಬಂದಾಗ, ಸಂವಿಧಾನದ 371ನೆಯ ಜೆ ವಿಧಿಯೂ ಅದರ ಮೇರೆಗೆ ಹುಟ್ಟಿದ ಪ್ರದೇಶಾಭಿವೃದ್ಧಿ ಮಂಡಳಿಯೂ ಇರುವದು ಏತಕ್ಕೆಂದು ನಾವು ಕೇಳುವೆವು. ಕಟ್ಟಡಗಳು ಬೇಕು, ಯಂತ್ರಗಳು ಬೇಕು. ಆದರೆ ಅವುಗಳ ವೆಚ್ಚದ ಒಂದು ಅಲ್ಪಾಂಶವನ್ನು ನಾಲ್ಕೂ ಮಹಾವಿದ್ಯಾಲಯಗಳು ಕೂಡಿ ನಡೆಯಿಸುವ ಒಂದು ಸಂಶೋಧನ ನಿಧಿಗೆ ತೆಗೆದಿಡಬಾರದೇಕೆ? ಪ್ರತಿಯೊಬ್ಬ ರೋಗಿಯ ಊರು, ತಾಲೂಕು, ಕಸುಬುಗಳನ್ನು ತಪ್ಪದೆ ಬರೆದಿಡುವದು. ಮೂರು ನಾಲ್ಕು ಸ್ಥಳೀಯ ಪ್ರಶ್ನೆಗಳನ್ನು ಆರಿಸಿ ವರ್ಷವರ್ಷವೂ ಮುಂದುವರಿಸುವದು. ಕಂಡುಬಂದದ್ದನ್ನು ತಿಳಿಗನ್ನಡದಲ್ಲಿ ಬರೆದು ತಾಲೂಕಿನ ದವಾಖಾನೆಗಳಿಗೂ ಗ್ರಾಮಪಂಚಾಯತಿಗಳಿಗೂ ಕಳಿಸುವದು. ಇಷ್ಟನ್ನು ಮಾಡಲು ಬೆಂಗಳೂರಿನ ಅಪ್ಪಣೆಗಾಗಿ ಕಾಯಬೇಕಾಗಿಲ್ಲ.

ಜಿಲ್ಲೆಯ ಅಧಿಕಾರಿಗಳೂ ಮಹಾವಿದ್ಯಾಲಯಗಳ ಮುಖ್ಯರೂ ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ನಾವು ಬಿನ್ನವಿಸುತ್ತೇವೆ. ಸುಶಿಕ್ಷಿತರಾದ ನಮ್ಮ ವಾಚಕರ ಪಾಲೂ ಇದರಲ್ಲಿದೆ. ದವಾಖಾನೆಯಲ್ಲಿ ಹಾಸಿಗೆಗಳೆಷ್ಟು, ಔಷಧವಿದೆಯೋ ಇಲ್ಲವೋ ಎಂದು ಕೇಳುವಂತೆಯೇ, ಈ ವರ್ಷ ನಮ್ಮ ತಾಲೂಕಿನ ರೋಗಗಳ ವಿಷಯವಾಗಿ ನೀವು ಹೊಸದಾಗಿ ಕಂಡುಕೊಂಡದ್ದೇನು ಎಂದೂ ಅವರು ಕೇಳತೊಡಗಬೇಕು. ಆಳಂದದಿಂದ ಬೆಳಗಿನ ಬಸ್ಸಿಗೆ ಹತ್ತಿ ಬರುವ ರೋಗಿಯು ಆ ಪ್ರಶ್ನೆಯನ್ನು ಕೇಳಲಾರನು. ಅವನ ಪರವಾಗಿ ನಾವು ಕೇಳಬೇಕು.